ಗಾಡಿ ಒಂದು, ಸದ್ದು ಮೂರು: ಟ್ರಾನ್ಸ್‌ಫರ್ ಕೇಸ್ ಬಿಚ್ಚುವ ಮುನ್ನ

ಪ್ರಶ್ನೆ: ನಮ್ಮದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಹನ್ನೊಂದು ವರ್ಷ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯನ್ನು ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕೊಂಡೆ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಹೋಗಿಬರಲು ಅದೇ ಆಸರೆ. ಈ ಸಲ ಎರಡು ಬಾರಿ ಹಳ್ಳ ದಾಟಿಸಿದೆ. ಆಮೇಲಿಂದ 50–60 ಕಿ.ಮೀ. ವೇಗದಲ್ಲಿ ಕೆಳಗಿನಿಂದ ‘ಹೂಂ’ ಎನ್ನುವ ಸದ್ದು ಬರುತ್ತಿದೆ. ಫೋರ್ ಹೈ (ನಾಲ್ಕೂ ಗಾಲಿ ದೂಡುವ ಸ್ಥಿತಿ) ಹಾಕಿ ಊರೊಳಗೆ ತಿರುಗಿಸಿದರೆ ‘ಕಟಕಟ’ ಎಂದು ಗಾಡಿ ಜಗ್ಗುತ್ತದೆ. ರಿವರ್ಸ್ ಬಿಡಿಸಿ ಮೊದಲ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ‘ಟಣ್’ ಎನ್ನುತ್ತದೆ. ಹಿಂದಿನ ಎರಡು ಟೈರು ಮಾತ್ರ ಹೊಸವು. ಮಿಸ್ತ್ರಿಯೊಬ್ಬರು ಟ್ರಾನ್ಸ್‌ಫರ್ ಕೇಸ್ ಹೋಗಿದೆ, ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಆ ಪೆಟ್ಟಿಗೆಯನ್ನೇ ಪೂರ್ತಿ ಬದಲಿಸಬೇಕು, ಅರವತ್ತು ಸಾವಿರ ಆಗುತ್ತದೆ ಎನ್ನುತ್ತಾರೆ. ತೊಗರಿ ರಾಶಿಯಾಗುವ ತನಕ ಕಾಯಬಹುದೇ?

ಉತ್ತರ: ಕಾಯಬೇಡಿ. ಹಾಗೆಂದು ಅರವತ್ತು ಸಾವಿರವನ್ನು ಈಗಲೇ ಎಣಿಸಿಕೊಡಲೂ ಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಬರೆದಿರುವುದು ಒಂದು ಸದ್ದಿನ ಬಗ್ಗೆಯಲ್ಲ, ಮೂರರ ಬಗ್ಗೆ. ಮೂರೂ ಒಂದೇ ಮಳೆಗಾಲದಲ್ಲಿ ಕಿವಿಗೆ ಬಿದ್ದಿರುವುದರಿಂದ ಒಂದೇ ಕಾಯಿಲೆ ಎಂದು ನಿಮಗೂ ಮಿಸ್ತ್ರಿಗೂ ಅನಿಸಿದೆ. ತಿರುವಿನ ಕಟಕಟಕ್ಕೂ ಓಟದ ಹೂಂಕಾರಕ್ಕೂ ಸಂಬಂಧ ಇರಬೇಕೆಂದೇನಿಲ್ಲ. ರಿವರ್ಸಿನ ಟಣತ್ಕಾರವಂತೂ ಬಹಳ ಸಲ ಪೆಟ್ಟಿಗೆಯ ಹೊರಗಿನದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಈ ಕಸುಬಿನಲ್ಲಿ ಎಮ್ಮೆಯ ಪಾಡು ಯಾವಾಗಲೂ ಟ್ರಾನ್ಸ್‌ಫರ್ ಕೇಸಿನದು. ಗಾಡಿಯ ನಟ್ಟನಡುವೆ, ಕೂತವರ ಕಾಲ ಕೆಳಗೇ ಇರುವುದರಿಂದ ಮುಂದಿನ ಸದ್ದೂ ಹಿಂದಿನ ಸದ್ದೂ ಅಲ್ಲಿಂದಲೇ ಬಂದಂತೆ ಕೇಳಿಸುತ್ತದೆ.

ಕಾಯಬೇಡಿ ಎಂದದ್ದು ಹಳ್ಳದ ಕಾರಣಕ್ಕೆ. ಹೂಂಕಾರ ಬಿಟ್ಟು ಉಳಿದ ಎರಡು ಸದ್ದು ಒಂದು ವಾರ ತಡೆದಾವು, ಆಯಿಲ್ ನೋಡುವುದು ಮಾತ್ರ ಇಂದೇ ಆಗಬೇಕು. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಬಂದ ಗಾಡಿಯ ಪೆಟ್ಟಿಗೆ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ. ಅದನ್ನು ಹಾಗೇ ಹಳ್ಳದ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಲೇ ತಣ್ಣಗಾಗಿ ಕುಗ್ಗುತ್ತದೆ, ಕುಗ್ಗಿದ್ದಕ್ಕೆ ಬದಲು ಹೊರಗಿನದನ್ನು ಎಳೆದುಕೊಳ್ಳುತ್ತದೆ. ಗಾಳಿಯಾಡಲೆಂದೇ ಪೆಟ್ಟಿಗೆಯ ತಲೆಯ ಮೇಲೆ ಬ್ರೀದರ್ ಎಂಬ ಸಣ್ಣ ಕೊಳವೆ ಇರುತ್ತದೆ. ಅದರ ರಬ್ಬರ್ ಪೈಪು ಮೇಲೆ ಎಂಜಿನ್ ಕೋಣೆಯ ತನಕ ಹೋಗಿದ್ದರೆ ಗಾಳಿ ಬರುತ್ತದೆ. ಪೈಪು ಕಳಚಿ ಬಿದ್ದಿದ್ದರೆ ಹಳ್ಳದ ನೀರೇ ಬರುತ್ತದೆ. ಎರೆಮಣ್ಣು ಮೆತ್ತಿಕೊಂಡು ಕೊಳವೆ ಕಟ್ಟಿಕೊಂಡಿದ್ದರೆ ಸವೆದ ಆಯಿಲ್ ಸೀಲಿನ ಸಂದಿಯಿಂದ ನೀರು ಒಳಗೆ ನುಗ್ಗುತ್ತದೆ, ಮತ್ತೆ ಓಡಿಸಿದಾಗ ಬಿಸಿಗಾಳಿಯ ಒತ್ತಡಕ್ಕೆ ಆಯಿಲ್ ಅದೇ ಸಂದಿಯಿಂದ ಹೊರಗೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಈ ಪೈಪು ತನ್ನ ಜಾಗದಲ್ಲಿ ಇರುವುದನ್ನು ನಾನು ಕಂಡದ್ದು ಕಡಿಮೆ.

ನೋಡುವುದು ಹೀಗೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಎರಡೂ ಕಡೆ ಅಡ್ಡಗಲ್ಲು ಕೊಡಿ. ಜಾಕ್ ಹಚ್ಚುವುದಿದ್ದರೆ ಕೆಳಗೆ ಶಹಾಬಾದ್ ಫರಸಿ ಇಡುವ ನಮ್ಮ ಕಡೆಯ ಚಾಳಿಯನ್ನು ದಯವಿಟ್ಟು ಬಿಡಿ. ಅದು ಪದರಗಲ್ಲು, ಭಾರ ಒಂದೇ ಕಡೆ ಬಿದ್ದರೆ ಸೀಳುತ್ತದೆ. ದಪ್ಪ ಕಟ್ಟಿಗೆಯ ಹಲಗೆ ಇಡಿ. ಪೆಟ್ಟಿಗೆಗೆ ಎರಡು ಪ್ಲಗ್ ಇರುತ್ತವೆ, ಬದಿಯಲ್ಲಿ ತುಂಬುವುದು, ತಳದಲ್ಲಿ ಇಳಿಸುವುದು. ಮೊದಲು ಬಿಚ್ಚಬೇಕಾದದ್ದು ತುಂಬುವುದನ್ನು. ಹನ್ನೊಂದು ವರ್ಷದಲ್ಲಿ ಅದು ತುಕ್ಕು ಹಿಡಿದು ಕೂತಿದ್ದರೆ, ಕೆಳಗಿನದನ್ನು ಬಿಚ್ಚಿ ಆಯಿಲ್ ಇಳಿಸಿದ ಮೇಲೆ ಹೊಸದನ್ನು ತುಂಬಲು ದಾರಿಯೇ ಉಳಿಯುವುದಿಲ್ಲ. ಹಾಗೆ ಆಯಿಲ್ ಇಲ್ಲದ ಪೆಟ್ಟಿಗೆಯ ಗಾಡಿಯನ್ನು ಟೆಂಪೋದ ಮೇಲೆ ಹೇರಿಕೊಂಡು ಬಂದವರಿದ್ದಾರೆ.

ತುಂಬುವ ಪ್ಲಗ್ ಬಿಚ್ಚಿ, ಕಿರುಬೆರಳನ್ನು ತೂತಿನೊಳಗೆ ಹಾಕಿ ಕೆಳಕ್ಕೆ ಬಾಗಿಸಿ. ಬೆರಳಿಗೆ ಆಯಿಲ್ ತೂತಿನ ಅಂಚಿನಲ್ಲೇ ಸಿಕ್ಕರೆ ಮಟ್ಟ ಸರಿಯಿದೆ. ಬೆರಳು ಒಣಗಿಯೇ ಬಂದರೆ ಹೂಂಕಾರಕ್ಕೆ ಅರ್ಧ ಉತ್ತರ ಸಿಕ್ಕಂತೆ. ಬೆರಳಿಗೆ ಅಂಟಿದ್ದನ್ನು ಬಿಸಿಲಿಗೆ ಹಿಡಿದು ನೋಡಿ. ಜೇನಿನ ಬಣ್ಣವಿದ್ದರೆ ಆಯಿಲ್ ಚೆನ್ನಾಗಿದೆ, ಕಪ್ಪಾಗಿದ್ದರೆ ಹಳತಾಗಿದೆ ಎಂದಷ್ಟೇ ಅರ್ಥ. ಕೆಲವು ಪೆಟ್ಟಿಗೆಗಳಲ್ಲಿ ತೆಳುವಾದ ಕೆಂಪು ಆಯಿಲ್ ಇರುತ್ತದೆ, ಅದಕ್ಕೂ ಗಾಬರಿಯಾಗಬೇಡಿ. ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಹೊಕ್ಕಿದೆ. ಸುಟ್ಟ ವಾಸನೆ ಬಂದರೆ ಪೆಟ್ಟಿಗೆ ಬಹಳ ದಿನ ಕಡಿಮೆ ಆಯಿಲಿನಲ್ಲಿ ದುಡಿದಿದೆ. ಆಮೇಲೆ ಕೆಳಗಿನ ಪ್ಲಗ್. ಅದರ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ಒರೆಸಿ ಎಸೆಯುವ ಮುನ್ನ ಎರಡು ಬೆರಳ ನಡುವೆ ಉಜ್ಜಿ ನೋಡಿ. ಕಾಡಿಗೆಯಂಥ ನುಣುಪಾದ ಬೂದು ಲೇಪ ಎಲ್ಲ ಗಾಡಿಯಲ್ಲೂ ಇರುತ್ತದೆ, ಅದು ವಯಸ್ಸಿನ ಸವೆತ. ಉಜ್ಜಿದಾಗ ಚರಚರ ಎನ್ನುವ ಪುಡಿ, ಹೊಳೆಯುವ ಚೂರು, ಹಲ್ಲಿನ ತುಣುಕು ಸಿಕ್ಕರೆ ಪೆಟ್ಟಿಗೆ ಬಿಚ್ಚುವುದು ತಪ್ಪುವುದಿಲ್ಲ.

ಬರೀ ನೀರು ಕಂಡು ಚೂರು ಕಾಣದಿದ್ದರೆ ಹೊಸ ಆಯಿಲ್ ತುಂಬಿ, ಐವತ್ತು ಅರವತ್ತು ಕಿಲೋಮೀಟರ್ ಓಡಿಸಿ, ಬಿಸಿಯಿದ್ದಾಗಲೇ ಮತ್ತೆ ಇಳಿಸಿ, ಇನ್ನೊಮ್ಮೆ ತುಂಬಿ. ಇಂಥ ಪೆಟ್ಟಿಗೆಗಳಿಗೆ ಹಿಡಿಸುವುದೇ ಒಂದೆರಡು ಲೀಟರು, ಎರಡು ಸಲ ಹಾಕಿದರೂ ದೊಡ್ಡ ಖರ್ಚಲ್ಲ. ಯಾವ ಆಯಿಲ್ ಎಂಬುದನ್ನು ಗಾಡಿಯ ಪುಸ್ತಕ ನೋಡಿಯೇ ಹಾಕಿ. ಒಂದಕ್ಕೆ ದಪ್ಪ ಗೇರ್ ಆಯಿಲ್, ಇನ್ನೊಂದಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಆಯಿಲ್ ಬೇಕಾಗುತ್ತದೆ. ತೆಳುವಿನ ಜಾಗಕ್ಕೆ ದಪ್ಪನೆಯದನ್ನು ಸುರಿದು ‘ಸದ್ದು ಕಡಿಮೆ ಮಾಡಿಕೊಟ್ಟೆ’ ಎನ್ನುವವರಿದ್ದಾರೆ, ಸದ್ದು ಮುಚ್ಚಿಕೊಂಡೀತೇ ಹೊರತು ಬೇರಿಂಗ್ ಉಳಿಯುವುದಿಲ್ಲ. ಅಂದ ಹಾಗೆ, ಹಳ್ಳ ದಾಟಿದ ಗಾಡಿಯ ಮುಂದಿನ ಮತ್ತು ಹಿಂದಿನ ಹೌಸಿಂಗಿಗೂ (ಎರಡು ಗಾಲಿಗಳ ನಡುವಿನ ಆಕ್ಸಲಿನ ಆಯಿಲ್ ತುಂಬಿದ ಗುಂಡು ಕವಚ) ಇದೇ ಬೆರಳಿನ ಪರೀಕ್ಷೆ ಮಾಡಿಸಿ. ಅವುಗಳಿಗೂ ಬ್ರೀದರ್ ಇರುತ್ತದೆ, ನೀರು ಕುಡಿಯುವ ಚಟವೂ ಇರುತ್ತದೆ.

ಈಗ ತಿರುವಿನ ಕಟಕಟ. ಇದನ್ನು ಕೇಳಿಯೇ ಮಿಸ್ತ್ರಿ ಪೆಟ್ಟಿಗೆ ಹೋಗಿದೆ ಎಂದಿದ್ದರೆ, ಪೆಟ್ಟಿಗೆ ಹೋಗಿಲ್ಲ, ನೀವು ಅದನ್ನು ಹೋಗಿಸುತ್ತಿದ್ದೀರಿ.

ಕಣದಲ್ಲಿ ಹಂತಿ ಹೂಡುವುದನ್ನು ನೋಡಿರುತ್ತೀರಿ. ಮೇಟಿಯ ಹತ್ತಿರದ ಎತ್ತು ನಿಂತಲ್ಲೇ ತಿರುಗಿದಂತೆ ಕಾಣುತ್ತದೆ, ಹೊರಗಿನ ಎತ್ತು ಓಡಬೇಕಾಗುತ್ತದೆ. ಗಾಡಿ ತಿರುಗುವಾಗಲೂ ಅಷ್ಟೇ, ಮುಂದಿನ ಗಾಲಿಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಒಳಗಿನಿಂದ ಕತ್ತರಿಸಿಕೊಂಡು ಬರುತ್ತವೆ. ಟೂ ಹೈನಲ್ಲಿ ಎಂಜಿನ್ ದೂಡುವುದು ಹಿಂದಿನ ಗಾಲಿಗಳನ್ನು ಮಾತ್ರ, ಮುಂದಿನವು ತಮ್ಮ ಪಾಡಿಗೆ ತಾವು ಉರುಳುತ್ತವೆ. ಫೋರ್ ಹೈ ಹಾಕಿದ ಕ್ಷಣ ಮುಂದಿನ ಗಾಲಿಗಳಿಗೆ ಹೋಗುವ ಶಾಫ್ಟೂ ಹಿಂದಿನವಕ್ಕೆ ಹೋಗುವ ಶಾಫ್ಟೂ ಪೆಟ್ಟಿಗೆಯೊಳಗೆ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ನಿಮ್ಮ ಗಾಡಿಯಂಥ, ಬೇಕಾದಾಗ ಮಾತ್ರ ನಾಲ್ಕೂ ಗಾಲಿ ದೂಡುವ ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ, ಎರಡು ಶಾಫ್ಟುಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ನಡುವೆ ಇರುವುದಿಲ್ಲ, ಆದ್ದರಿಂದ ಎರಡೂ ಒಂದೇ ಲೆಕ್ಕದಲ್ಲಿ ಸುತ್ತಲೇಬೇಕು. ಹಸಿ ಎರೆಯಲ್ಲಿ ಗಾಲಿ ಜಾರಿ ಆ ವ್ಯತ್ಯಾಸವನ್ನು ತೀರಿಸಿಕೊಳ್ಳುತ್ತದೆ. ಒಣ ಡಾಂಬರಿನ ಮೇಲೆ, ಊರಿನ ಸಿಮೆಂಟ್ ರಸ್ತೆಯ ಮೇಲೆ ಜಾರಲು ಆಗದು. ಶಾಫ್ಟುಗಳು ಹಿಂಡಿದ ಹಗ್ಗದಂತೆ ಬಿಗಿಯುತ್ತಾ ಹೋಗಿ ಯಾವುದೋ ಒಂದು ಗಾಲಿ ಕಿತ್ತುಕೊಂಡು ಜಾರಿದಾಗ ‘ಕಟ್’ ಎನ್ನುತ್ತದೆ. ಮತ್ತೆ ಬಿಗಿತ, ಮತ್ತೆ ಕಟ್. ಸ್ಟೀರಿಂಗ್ ಭಾರವಾಗುವುದು, ಬ್ರೇಕ್ ಹಿಡಿದಂತೆ ಗಾಡಿ ನಿಲ್ಲುವುದು, ಲಿವರ್ ಟೂ ಹೈಗೆ ಬರದೆ ಹಟ ಹಿಡಿಯುವುದು ಎಲ್ಲ ಇದರ ಸಂಸಾರವೇ. ಲಿವರ್ ಬರದಿದ್ದಾಗ ಅದನ್ನು ಒದೆಯಬೇಡಿ. ಸ್ಟೀರಿಂಗ್ ನೇರ ಮಾಡಿ ಹತ್ತು ಮಾರು ಹಿಂದಕ್ಕೆ ಹೋಗಿ, ಬಿಗಿತ ಬಿಚ್ಚಿಕೊಂಡು ಲಿವರ್ ತಾನಾಗಿಯೇ ಬರುತ್ತದೆ.

ಅದರ ಮೇಲೆ ನಿಮ್ಮ ಟೈರುಗಳು. ಹಿಂದಿನವೆರಡೇ ಹೊಸವು ಎಂದು ಪತ್ರದಲ್ಲಿ ಸುಮ್ಮನೆ ಸೇರಿಸಿದ್ದೀರಿ, ನನ್ನ ಕಣ್ಣು ಮೊದಲು ನಿಂತದ್ದೇ ಅಲ್ಲಿ. ಒಂದು ಲೆಕ್ಕ ಮಾಡೋಣ. 235/70 ಆರ್16 ಅಳತೆಯ ಟೈರಿನ ಸುತ್ತಳತೆ ಸುಮಾರು 2,310 ಮಿಲಿಮೀಟರ್. ಹೊಸ ಟೈರಿನ ಹಲ್ಲು 8 ಮಿ.ಮೀ. ಆಳವಿದ್ದು, ಸವೆದ ಟೈರಿನದು 3ಕ್ಕೆ ಇಳಿದಿದ್ದರೆ ಸುತ್ತಳತೆಯಲ್ಲಿ 31 ಮಿ.ಮೀ. ವ್ಯತ್ಯಾಸ. ಹೊಸ ಗಾಲಿ ಒಂದು ಕಿಲೋಮೀಟರಿಗೆ 433 ಸುತ್ತು ಹಾಕಿದರೆ ಸವೆದದ್ದು 439 ಹಾಕುತ್ತದೆ. ಆರು ಸುತ್ತು ಏನು ಮಹಾ ಎನಿಸಬಹುದು. ಆದರೆ ಫೋರ್ ಹೈನಲ್ಲಿ ಆ ಆರು ಸುತ್ತಿಗೆ ಜಾಗವೇ ಇಲ್ಲ. ಜೇವರ್ಗಿಯಿಂದ ಕಲಬುರಗಿಯ ತನಕದ ನೇರ ಹೆದ್ದಾರಿಯಲ್ಲಿ ಒಂದು ತಿರುವನ್ನೂ ತಿರುಗಿಸದೆ ಬಂದರೂ ಪ್ರತಿ ಕಿಲೋಮೀಟರಿಗೂ ಅಷ್ಟನ್ನು ಗಾಲಿಗಳು ಉಜ್ಜಿಯೇ ತೀರಿಸಬೇಕು. ಆ ಬಿಗಿತವನ್ನು ಹೊರುವುದು ಪೆಟ್ಟಿಗೆಯೊಳಗಿನ ಚೈನು, ಬೇರಿಂಗು ಮತ್ತು ಶಾಫ್ಟಿನ ತುದಿಯ ಕೀಲಾದ ಕ್ರಾಸು. ಬಾಗುವ ಉದ್ದನೆಯ ಟೇಪು ತಂದು ನಾಲ್ಕೂ ಟೈರಿನ ಸುತ್ತಳತೆಯನ್ನು ನೆತ್ತಿಯ ಮೇಲೆ ಅಳೆದು ಬರೆದಿಡಿ. ಗಾಳಿಯ ಒತ್ತಡ ನಾಲ್ಕರಲ್ಲೂ ಪುಸ್ತಕದಲ್ಲಿ ಹೇಳಿದಷ್ಟೇ ಇರಲಿ. ಅಳತೆ ಒಂದಾಗುವ ತನಕ ಫೋರ್ ಹೈ ಹೊಲದಲ್ಲಿ ಮಾತ್ರ, ರಸ್ತೆ ಹತ್ತುವ ಮುನ್ನ ಟೂ ಹೈ. ಮಣ್ಣಿನ ಮೇಲೆ ತಿರುಗಿಸಿದಾಗ ಕಟಕಟ ಬಾರದೆ ಸಿಮೆಂಟಿನ ಮೇಲೆ ಮಾತ್ರ ಬಂದರೆ ಈ ಸದ್ದಿನ ವಿಚಾರಣೆ ಅಲ್ಲಿಗೆ ಮುಗಿಯಿತು. ಮಣ್ಣಿನಲ್ಲೂ ಬಂದರೆ ಮುಂದಿನ ಗಾಲಿಗಳ ಆಕ್ಸಲ್ ಜಾಯಿಂಟ್ ನೋಡಿಸಿ.

ಟಣ್ ಎನ್ನುವುದಕ್ಕೆ ಹೆಚ್ಚು ಮಾತು ಬೇಡ. ಎಂಜಿನ್ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಕೆಳಗೆ ಹೋಗಿ ಎರಡೂ ಪ್ರೊಪೆಲ್ಲರ್ ಶಾಫ್ಟುಗಳನ್ನು ಕೈಯಿಂದ ತಿರುಚಿ ಮತ್ತು ಮೇಲೆ ಕೆಳಗೆ ಎತ್ತಿ ನೋಡಿ. ಕ್ರಾಸಿನ ಬಟ್ಟಲುಗಳ ಸುತ್ತ ಇಟ್ಟಂಗಿಪುಡಿಯಂಥ ಕೆಂಪು ಧೂಳು ಕಂಡರೆ ಒಳಗಿನ ಸೂಜಿ ಬೇರಿಂಗುಗಳು ಗ್ರೀಸ್ ಇಲ್ಲದೆ ತುಕ್ಕು ಹಿಡಿದಿವೆ, ಕ್ರಾಸ್ ಬದಲಿಸಿ. ನಿಧಾನ ಓಟದಲ್ಲಿ ಹಕ್ಕಿ ಕೂಗಿದಂತೆ ಚಿಂವ್ ಚಿಂವ್ ಎನ್ನುವುದೂ ಇದೇ. ಶಾಫ್ಟ್ ಹಿಗ್ಗಿ ಕುಗ್ಗುವ ಜಾರುಜಾಯಿಂಟ್ ಒಣಗಿದ್ದರೂ ಟಣ್ ಬರುತ್ತದೆ, ಅದಕ್ಕೆ ಗ್ರೀಸ್ ಸಾಕು. ಗೇರ್‌ಬಾಕ್ಸಿನ ಕೆಳಗಿನ ರಬ್ಬರ್ ಮೌಂಟ್ ಸೀಳಿದ್ದರೆ ಗೇರ್‌ಬಾಕ್ಸೂ ಟ್ರಾನ್ಸ್‌ಫರ್ ಕೇಸೂ ಒಟ್ಟಿಗೆ ಎದ್ದು ಬೀಳುತ್ತವೆ. ಸಣ್ಣ ಹಾರೆಯಿಂದ ಮೀಟಿ ನೋಡಿದರೆ ತಿಳಿಯುತ್ತದೆ.

ಇನ್ನು ಹೂಂಕಾರ. ಇದೇ ಕಷ್ಟದ್ದು, ನಿಜವಾಗಿ ಪೆಟ್ಟಿಗೆಯದಿದ್ದರೂ ಇರಬಹುದಾದದ್ದು. ಇದನ್ನು ಕಿವಿಯಿಂದ ಹುಡುಕುವುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದರಿಂದ ಹುಡುಕುವುದು ಸುಲಭ.

ಬೆಳಗಿನ ಜಾವ ರಸ್ತೆ ಖಾಲಿ ಇರುವಾಗ ಟೂ ಹೈನಲ್ಲಿ 60ರ ವೇಗ ಮುಟ್ಟಿ. ಕ್ಲಚ್ ತುಳಿದು ಗೇರನ್ನು ನ್ಯೂಟ್ರಲಿಗೆ ತಂದು ಉರುಳಲು ಬಿಡಿ, ಚಾವಿ ಮಾತ್ರ ಆರಿಸಬೇಡಿ, ಸ್ಟೀರಿಂಗ್ ಲಾಕ್ ಆದೀತು. ಎಂಜಿನ್ ದನಿ ಇಳಿದರೂ ಈ ಸದ್ದು ಹಾಗೇ ಇದ್ದು ವೇಗದೊಂದಿಗೆ ಇಳಿದರೆ ಅದು ಗಾಲಿಯ ಜೊತೆ ಸುತ್ತುವ ಯಾವುದೋ ಒಂದರದು. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗವಾದರೆ ಹಿಂದಿನ ಹೌಸಿಂಗಿನ ಕ್ರೌನ್ ಪಿನಿಯನ್ (ಶಾಫ್ಟಿನ ಸುತ್ತನ್ನು ಗಾಲಿಗಳತ್ತ ತಿರುಗಿಸುವ ಹಲ್ಲುಚಕ್ರಗಳು) ಮೇಲೆ ನನ್ನ ಅನುಮಾನ. ಉದ್ದನೆಯ ತಿರುವಿನಲ್ಲಿ ಎಡಕ್ಕೆ ವಾಲಿದಾಗ ಜೋರಾಗಿ ಬಲಕ್ಕೆ ವಾಲಿದಾಗ ಇಳಿದರೆ ಗಾಲಿಯ ಬೇರಿಂಗ್. ಡಾಂಬರಿನಿಂದ ಸಿಮೆಂಟ್ ರಸ್ತೆಗೆ ಹೋದ ತಕ್ಷಣ ದನಿ ಬದಲಾದರೆ ಟೈರು. ನಿಮ್ಮ ಹೊಸ ಟೈರುಗಳ ಹಲ್ಲು ಕೆಸರಿಗೆಂದೇ ಮಾಡಿದ ದೊಡ್ಡ ಹಲ್ಲಾದರೆ ಅವು ಹೂಂ ಎನ್ನದಿದ್ದರೇ ಆಶ್ಚರ್ಯ. ಮುಂದಿನ ಗಾಲಿಗಳನ್ನು ಆಕ್ಸಲಿಗೆ ಕೂಡಿಸಲು, ಬಿಡಿಸಲು ಕೈಯಿಂದ ತಿರುಗಿಸುವ ಹಬ್ ಇದ್ದರೆ ಅವನ್ನು ಬಿಡಿಸಿ ಒಂದು ಸುತ್ತು ಹೋಗಿಬನ್ನಿ. ಸದ್ದು ನಿಂತರೆ ದೋಷ ಮುಂದಿನ ಶಾಫ್ಟು, ಮುಂದಿನ ಹೌಸಿಂಗ್ ಅಥವಾ ಪೆಟ್ಟಿಗೆಯ ಮುಂಭಾಗದ ಸಾಲಿನಲ್ಲಿದೆ. ಒಂದು ಪಾನಾ ಕೂಡ ಮುಟ್ಟದೆ ಅರ್ಧ ಗಾಡಿಯನ್ನು ಪಟ್ಟಿಯಿಂದ ತೆಗೆದಂತಾಯಿತು.

ಆಮೇಲಿನದು ನಿಂತಲ್ಲೇ ಮಾಡುವ ಪರೀಕ್ಷೆ. ಲಿವರ್ ಇರುವ ಟ್ರಾನ್ಸ್‌ಫರ್ ಕೇಸಿನಲ್ಲಿ ಸಾಮಾನ್ಯವಾಗಿ ಫೋರ್ ಹೈಗೂ ಫೋರ್ ಲೋಗೂ (ನಾಲ್ಕೂ ಗಾಲಿಗೆ ನಿಧಾನದ, ಹೆಚ್ಚು ಬಲದ ಸ್ಥಿತಿ) ನಡುವೆ ನ್ಯೂಟ್ರಲ್ ಇರುತ್ತದೆ. ನಾಲ್ಕೂ ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಆ ಲಿವರನ್ನು ನ್ಯೂಟ್ರಲಿಗೆ ತನ್ನಿ. ಈ ಸ್ಥಿತಿಯಲ್ಲಿ ಗೇರ್ ಹಾಕಿ ನಿಲ್ಲಿಸಿದ್ದರೂ ಗಾಡಿ ಉರುಳೀತು, ಕಲ್ಲಿನ ಮಾತನ್ನು ಅದಕ್ಕೇ ಮತ್ತೆ ಮತ್ತೆ ಹೇಳುತ್ತಿರುವುದು. ಮೊದಲು ಗೇರ್‌ಬಾಕ್ಸನ್ನೂ ನ್ಯೂಟ್ರಲಿನಲ್ಲಿಟ್ಟು ಕ್ಲಚ್ ಬಿಟ್ಟು ಕೇಳಿ. ಆಗಲೇ ಸದ್ದು ಇದ್ದು, ಕ್ಲಚ್ ತುಳಿದಾಗ ನಿಂತರೆ ಅದು ಗೇರ್‌ಬಾಕ್ಸಿನದು. ಇಲ್ಲವಾದರೆ ನಾಲ್ಕನೇ ಗೇರಿಗೆ ಹಾಕಿ ಮೆಲ್ಲನೆ ಕ್ಲಚ್ ಬಿಡಿ. ಗಾಡಿ ಕದಲುವುದಿಲ್ಲ, ಆದರೆ ಗೇರ್‌ಬಾಕ್ಸ್ ಪೂರ್ತಿಯಾಗಿ ಸುತ್ತುತ್ತದೆ, ಟ್ರಾನ್ಸ್‌ಫರ್ ಕೇಸಿನ ಒಳಬರುವ ಶಾಫ್ಟೂ ಸುತ್ತುತ್ತದೆ, ಅದರಾಚೆಯ ಶಾಫ್ಟುಗಳು ಮಲಗಿರುತ್ತವೆ. ಹೂಂಕಾರ ಈಗಲೂ ಕೇಳಿದರೆ ದೋಷ ಈ ಭಾಗದಲ್ಲಿದೆ. ನಿಶ್ಶಬ್ದವಾದರೆ ದೋಷ ಪೆಟ್ಟಿಗೆಯ ಹಿಂಬಾಗಿಲಲ್ಲಿ ಅಥವಾ ಅದಕ್ಕೂ ಆಚೆ ಇದೆ. ಈ ಪರೀಕ್ಷೆ ನಡೆಯುವಾಗ ಯಾರೂ ಗಾಡಿಯ ಕೆಳಗಾಗಲಿ ಮುಂದಾಗಲಿ ಇರಬಾರದು.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ನನ್ನದೇ ಒಂದು ನಾಚಿಕೆಗೇಡಿನ ಕಾರಣವಿದೆ. ಕಸುಬು ಹಿಡಿದ ಹೊಸತರಲ್ಲಿ ಚಿಂಚೋಳಿ ಕಡೆಯ ಒಂದು ಜೀಪು ಬಂದಿತ್ತು. ನಡುವಿನಿಂದ ಪಟಪಟ ಸದ್ದು, ವೇಗ ಹೆಚ್ಚಿದಷ್ಟೂ ಜೋರು. ಚೈನು ಸಡಿಲಾಗಿ ಪೆಟ್ಟಿಗೆಗೆ ಬಡಿಯುತ್ತಿದೆ ಎಂದು ಕೇಳಿದ ಕೂಡಲೇ ತೀರ್ಪು ಕೊಟ್ಟೆ. ಪೆಟ್ಟಿಗೆ ಇಳಿಸಿ, ಬಿಚ್ಚಿ, ಡಬ್ಬಿಯಲ್ಲಿ ಎಲ್ಲ ತೊಳೆದು ನೋಡಿದರೆ ಆ ಪೆಟ್ಟಿಗೆಯಲ್ಲಿ ಚೈನೇ ಇಲ್ಲ, ಹಳೆಯ ಕಾಲದ ಬರೀ ಗೇರಿನದು. ಹಲ್ಲುಗಳೆಲ್ಲ ನೆಟ್ಟಗಿದ್ದವು. ಮತ್ತೆ ಕೂಡಿಸಿ ಓಡಿಸಿದರೆ ಅದೇ ಪಟಪಟ. ಸಂಜೆ ಗಾಡಿ ತೊಳೆಯಲು ಕೆಳಗೆ ಹೋದ ಹುಡುಗ ಮುಂದಿನ ಶಾಫ್ಟಿನಿಂದ ಮೊಳದುದ್ದದ ಕಪ್ಪು ಪೈಪೊಂದನ್ನು ಎಳೆದು ತೆಗೆದ. ಹನಿ ನೀರಾವರಿಯ ಪೈಪು! ಶಾಫ್ಟಿಗೆ ಸುತ್ತಿಕೊಂಡು, ಬಿಡಿಯಾದ ತುದಿ ತಳದ ತಗಡಿಗೆ ಬಡಿಯುತ್ತಿತ್ತು, ಮೇಲೆ ಒಣಗಿದ ಎರೆಮಣ್ಣು ಮೆತ್ತಿದ್ದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೂಲಿ ಕೇಳಲು ಬಾಯಿ ಬರಲಿಲ್ಲ. ಅಂದಿನಿಂದ ನೀರಿನ ಪೈಪು ಹಿಡಿದು ತಳ ತೊಳೆಸದೆ ಯಾವ ಗಾಡಿಯ ಸದ್ದನ್ನೂ ನಾನು ಕೇಳುವುದಿಲ್ಲ. ತೊಗರಿ ಕಟ್ಟಿಗೆ, ಗೋಣಿಯ ದಾರ, ಪೈಪು ಏನು ಬೇಕಾದರೂ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ದಾರವಂತೂ ಸೀಲಿನ ತುಟಿಯನ್ನೇ ಕೊಯ್ಯುತ್ತದೆ. ಗಾಲಿಯ ರಿಮ್ಮಿನ ಒಳಮೈಗೆ ಅಂಟಿ ಕಲ್ಲಾದ ಎರೆಮಣ್ಣಿನ ಹೆಂಟೆ 70ರ ವೇಗದಲ್ಲಿ ಗಾಡಿಯನ್ನೇ ನಡುಗಿಸಬಲ್ಲದು.

ಹಾಗಾದರೆ ಚೈನು ಯಾವಾಗ ದೋಷಿ? ಚೈನಿರುವ ಪೆಟ್ಟಿಗೆಯಲ್ಲಿ ಮುಂದಿನ ಗಾಲಿಗಳಿಗೆ ಶಕ್ತಿ ಹೋಗುವುದು ಚೈನಿನ ಮೂಲಕವೇ. ಆದ್ದರಿಂದ ಅದು ಸವೆದಿದ್ದರೆ ಕೆಸರಿನಲ್ಲಿ ಫೋರ್ ಹೈ ಅಥವಾ ಫೋರ್ ಲೋ ಹಾಕಿ ಎಂಜಿನ್ನಿಗೆ ದಮ್ಮು ಕೊಟ್ಟಾಗ ‘ಢಬ್’ ಎಂದು ಹಲ್ಲು ಹಾರಿದ ಪೆಟ್ಟು ಕೇಳುತ್ತದೆ, ಕೈಕಾಲಿಗೂ ತಟ್ಟುತ್ತದೆ. ಚೈನಿನ ಉಕ್ಕು ರಬ್ಬರಿನಂತೆ ಹಿಗ್ಗುವುದಿಲ್ಲ, ಅದರ ಪಿನ್ನುಗಳೆಲ್ಲ ಕೂದಲೆಳೆಯಷ್ಟು ಸವೆದು ಒಟ್ಟಾರೆ ಉದ್ದವಾಗುತ್ತದೆ. ನಿಮ್ಮ ಪತ್ರದಲ್ಲಿ ಅಂಥ ಪೆಟ್ಟಿನ ಮಾತಿಲ್ಲ. ಫೋರ್ ಲೋನಿಂದ ಲಿವರ್ ತಾನಾಗಿ ಹಾರಿ ಬರುತ್ತದೆ ಎಂದೂ ಬರೆದಿಲ್ಲ, ಅಂದರೆ ಲಿವರಿನ ಮಾತಿನಂತೆ ಒಳಗಿನ ಗೇರನ್ನು ಸರಿಸುವ ಫೋರ್ಕ್ ಕೂಡ ಸದ್ಯಕ್ಕೆ ಸರಿಯಾಗಿದೆ ಎನ್ನೋಣ.

ನನ್ನ ಅಂದಾಜು ಕೇಳುವಿರಾದರೆ, ಕಟಕಟ ನಿಮ್ಮ ಟೈರು ಮತ್ತು ರಸ್ತೆಯದು, ಟಣ್ ಕ್ರಾಸಿನದು, ಹೂಂಕಾರ ನೀರು ಕುಡಿದ ಬೇರಿಂಗಿನದು. ಆ ಬೇರಿಂಗ್ ಪೆಟ್ಟಿಗೆಯೊಳಗಿನದೋ ಹಿಂದಿನ ಹೌಸಿಂಗಿನದೋ ಎಂಬುದನ್ನು ಮೇಲಿನ ಪರೀಕ್ಷೆಗಳು ಹೇಳುತ್ತವೆ. ಅವು ಪೆಟ್ಟಿಗೆಯತ್ತಲೇ ಬೆರಳು ಮಾಡಿ, ಎರಡು ಸಲ ಆಯಿಲ್ ಬದಲಿಸಿದ ಮೇಲೂ ಹೂಂಕಾರ ಇದ್ದರೆ ಬೇರಿಂಗಿನ ಮೈಯಲ್ಲಿ ತುಕ್ಕಿನ ಕುಳಿ ಬಿದ್ದಿದೆ ಎಂದೇ ಅರ್ಥ, ಆಗ ಪೆಟ್ಟಿಗೆ ಬಿಚ್ಚಿಸಿ. ಬಿಚ್ಚಿದ ಮಾತ್ರಕ್ಕೆ ಪೂರ್ತಿ ಬದಲಿಸಬೇಕೆಂದಿಲ್ಲ. ಬೇರಿಂಗು, ಸೀಲು, ಅಳತೆ ಮೀರಿದ್ದರೆ ಚೈನು, ಇಷ್ಟನ್ನು ಬಿಡಿಬಿಡಿಯಾಗಿ ಹಾಕಬಹುದು. ಹೊರಕವಚ ಸೀಳಿದ್ದರೆ ಅಥವಾ ಬೇರಿಂಗ್ ಕೂರುವ ಮನೆಯೇ ಸವೆದಿದ್ದರೆ ಮಾತ್ರ ಇಡೀ ಪೆಟ್ಟಿಗೆಯ ಮಾತು. ಬಿಚ್ಚುವಾಗ ನೀವು ಎದುರಿಗೆ ನಿಲ್ಲಿ, ತೆಗೆದ ಹಳೆಯ ಸಾಮಾನನ್ನು ಕೇಳಿ ಮನೆಗೆ ತನ್ನಿ. ಒಳ್ಳೆಯ ಮಿಸ್ತ್ರಿಗೆ ಇದರಿಂದ ಬೇಸರವಾಗುವುದಿಲ್ಲ.

ಇದನ್ನು ಓದುವ ಕಾರಿನವರಿಗೊಂದು ಮಾತು. ಲಿವರ್ ಇಲ್ಲದೆ, ಕಂಪ್ಯೂಟರೇ ನಾಲ್ಕು ಗಾಲಿಗೂ ಶಕ್ತಿ ಹಂಚುವ ಆಲ್ ವೀಲ್ ಡ್ರೈವ್ ಗಾಡಿಗಳಲ್ಲಿ ಮೇಲಿನ ನ್ಯೂಟ್ರಲ್ ಪರೀಕ್ಷೆಯನ್ನು ಮಾಡಲು ಹೋಗಬೇಡಿ, ಶಾಫ್ಟ್ ಬಿಚ್ಚಿ ಓಡಿಸುವುದೂ ಬೇಡ. ಎರಡೇ ಗಾಲಿಯನ್ನು ಎತ್ತಿ ಗೇರ್ ಹಾಕಿದರೆ ಗಾಡಿ ಜಾಕಿನಿಂದ ಜಿಗಿದೀತು. ಟೈರಿನ ಅಳತೆ ಮತ್ತು ಆಯಿಲಿನ ಮಾತು ಮಾತ್ರ ಅವಕ್ಕೂ ಹಾಗೇ ಅನ್ವಯಿಸುತ್ತದೆ, ಇನ್ನೂ ಕಟ್ಟುನಿಟ್ಟಾಗಿ.

ನೀವು ಇಂದು ಇಳಿಸಿದ ಆಯಿಲನ್ನು ಚೆಲ್ಲಬೇಡಿ. ಬಣ್ಣವಿಲ್ಲದ ಬಾಟಲಿಗೆ ತುಂಬಿ, ಅಲುಗಾಡದ ಜಾಗದಲ್ಲಿ ಒಂದು ರಾತ್ರಿ ಇಡಿ. ನೀರು ಹೆಚ್ಚಿದ್ದರೆ ಬೆಳಿಗ್ಗೆ ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ. ಎಷ್ಟು ಬೆರಳು ನಿಂತಿದೆ, ನಾಲ್ಕು ಟೈರಿನ ಸುತ್ತಳತೆ ಎಷ್ಟು, ನ್ಯೂಟ್ರಲ್ ಪರೀಕ್ಷೆಯಲ್ಲಿ ಸದ್ದು ಬಂತೋ ಇಲ್ಲವೋ, ಈ ಮೂರನ್ನು ಬರೆದು ಕಳಿಸಿ. ಬೇರಿಂಗ್ ಯಾವ ಕಡೆಯದೆಂದು ಆಗ ಹೇಳುತ್ತೇನೆ.